ಜಡೆ ಸಡಿಲಾದರೆ ಶಾಲೆ ಬಿದ್ದುಹೋಗುತ್ತದೆಯೇ?

ಬೆಳಿಗ್ಗೆ ಏಳೂಕಾಲು. ಒಲೆಯ ಮೇಲೆ ಕುಕ್ಕರ್ ಎರಡನೇ ಸಲ ಕೂಗಿದೆ, ಎಂಟಕ್ಕೆ ಶಾಲೆಯ ವ್ಯಾನು. ತಾಯಿ ಕುರ್ಚಿಯ ಮೇಲೆ, ಮಗಳು ನೆಲದ ಮೇಲೆ. ಮಗಳ ಹೆಗಲೆರಡೂ ತಾಯಿಯ ಮಂಡಿಗಳ ನಡುವೆ ಇಕ್ಕಳಕ್ಕೆ ಸಿಕ್ಕಂತೆ ಸಿಕ್ಕಿಕೊಂಡಿವೆ. ನೆತ್ತಿಗೆ ಒಂದು ಅಂಗೈ ಕೊಬ್ಬರಿ ಎಣ್ಣೆ. ಬಾಚಣಿಗೆಯ ಮೂಲೆ ಹಿಡಿದು ಹಣೆಯಿಂದ ಕತ್ತಿನವರೆಗೆ ಗೆರೆ ಕೊರೆದಂತೆ ಬೈತಲೆ. ಎಡಭಾಗದ ಕೂದಲನ್ನೆಲ್ಲ ಕಿವಿಯ ಹಿಂದಕ್ಕೆ ಬಾಚಿ, ಮೂರು ಎಳೆ ಮಾಡಿ, ಒಮ್ಮೆ ಜಗ್ಗಿ, ಮೊದಲ ಹೆಣಿಗೆ ಹಾಕಿ, ಮತ್ತೊಮ್ಮೆ ಜಗ್ಗಿ. “ಅಮ್ಮಾ, ನೋಯುತ್ತೆ.” “ಅಲ್ಲಾಡಬೇಡ ಕಣೇ, ವ್ಯಾನ್ ಬಂದುಬಿಡುತ್ತೆ.” ಬಾಚಣಿಗೆಯ ಬೆನ್ನಿನಿಂದ ತಲೆಗೊಂದು ಮೊಟಕು. ಹೆಣೆದ ಜಡೆಯನ್ನು ಮೇಲಕ್ಕೆ ಮಡಚಿ, ಬುಡಕ್ಕೆ ಸೇರಿಸಿ, ಕಪ್ಪು ಟೇಪಿನಿಂದ ಬಿಗಿದು ಹೂ ಕಟ್ಟಿದರೆ ಒಂದು ಪಕ್ಕ ಆಯಿತು. ಇನ್ನೊಂದು ಪಕ್ಕಕ್ಕೂ ಇದೇ ಉಪಚಾರ. ಎದ್ದು ನಿಂತ ಹುಡುಗಿಯ ಹುಬ್ಬುಗಳು ಏನೋ ಆಶ್ಚರ್ಯದ ಸುದ್ದಿ ಕೇಳಿದವಳ ಹಾಗೆ ಮೇಲೇರಿರುತ್ತವೆ.

ಆ ತಾಯಿ ನಾನೇ. ಮುಂದೆ ಯಾರ ಯಾರ ಮೇಲೆ ಹರಿಹಾಯುತ್ತೇನೋ, ಆ ಸಾಲಿನಲ್ಲಿ ಮೊದಲ ಜಾಗ ನನ್ನದು ಎಂದು ಈಗಲೇ ಹೇಳಿಬಿಡುತ್ತೇನೆ.

ಮಗಳು ಐದನೇ ಕ್ಲಾಸಿಗೆ ಬಂದ ವರ್ಷ ತಲೆನೋವು ಶುರುವಾಯಿತು. ದಿನಾ ಹನ್ನೊಂದರ ಹೊತ್ತಿಗೆ. ಮೊದಲು ಕಣ್ಣಿನ ಡಾಕ್ಟರು: ಕಣ್ಣು ಸರಿಯಾಗಿದೆ. ಆಮೇಲೆ ರಕ್ತಪರೀಕ್ಷೆ: ರಕ್ತ ಸ್ವಲ್ಪ ಕಡಿಮೆ ಎಂದು ಕಬ್ಬಿಣದ ಮಾತ್ರೆ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಟಿವಿ ಬಂದ್ ಆಯಿತು, ಬಿಸಿಲಲ್ಲಿ ಆಡುವುದು ಬಂದ್ ಆಯಿತು. ಕೊನೆಗೆ, ಭಾನುವಾರ ತಲೆನೋವು ಬರುವುದಿಲ್ಲ, ದಸರಾ ರಜೆಯಲ್ಲಂತೂ ಸುಳಿವೇ ಇಲ್ಲ ಎನ್ನುವುದು ಪತ್ತೆಯಾದಾಗ ಮನೆಮಂದಿಯೆಲ್ಲ ಸೇರಿ ತೀರ್ಪು ಕೊಟ್ಟೆವು: ಶಾಲೆಗೆ ಹೋಗದಿರಲು ನೆವ.

ಭಾನುವಾರ ಅವಳ ತಲೆಗೆ ಟೇಪು ಇರುವುದಿಲ್ಲ ಎನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಸಂಜೆ ವ್ಯಾನಿಂದ ಇಳಿದವಳು ಬ್ಯಾಗು ಕೆಳಗಿಡುವ ಮೊದಲೇ ಎರಡೂ ಟೇಪು ಕಿತ್ತು, ಹತ್ತೂ ಬೆರಳನ್ನು ಕೂದಲ ಬುಡಕ್ಕೆ ತೂರಿಸಿ, ಕಣ್ಣು ಮುಚ್ಚಿ ‘ಹಾ’ ಎಂದು ಉಸಿರು ಬಿಡುತ್ತಿದ್ದಳು. ಎರಡು ವರ್ಷ ಅದನ್ನು ನೋಡುತ್ತಲೇ “ಟೇಪು ಎಲ್ಲೆಂದರಲ್ಲಿ ಬಿಸಾಡಬೇಡ” ಎಂದು ಗದರಿದ್ದೇನೆ. ರೋಗ, ಕಾರಣ, ಮದ್ದು ಮೂರನ್ನೂ ಮಗು ನಡುಮನೆಯಲ್ಲಿ ದಿನಾ ತೋರಿಸುತ್ತಿತ್ತು. ಓದಿದವಳಾದ ನನಗೆ ಕಂಡದ್ದು ಟೇಪು ಮಾತ್ರ.

ಜಡೆ ಬಿಗಿದರೆ ಎಂಥ ತಲೆನೋವು ಎಂದು ನಗುವವರಿಗೆ ಒಂದು ಮಾತು. ತಲೆನೋವುಗಳಿಗೆ ಜಗತ್ತಿನೆಲ್ಲೆಡೆ ವೈದ್ಯರು ಬಳಸುವ ಒಂದು ವರ್ಗೀಕರಣವಿದೆ. ಅದರ 2018ರ ಮೂರನೆಯ ಆವೃತ್ತಿಯಲ್ಲಿ ‘ಹೊರಗಿನ ಎಳೆತದ ತಲೆನೋವು’ ಎಂಬುದಕ್ಕೆ ಪ್ರತ್ಯೇಕ ಸಂಖ್ಯೆಯೇ ಇದೆ: 4.6.2. ಅದರ ಹಳೆಯ ಹೆಸರು ‘ಪೋನಿಟೇಲ್ ತಲೆನೋವು’. ಲಕ್ಷಣವನ್ನೂ ಬರೆದಿಟ್ಟಿದ್ದಾರೆ: ನೆತ್ತಿಯ ಚರ್ಮ ಎಳೆತದಲ್ಲಿರುವಾಗ ಮಾತ್ರ ಬರುತ್ತದೆ, ಎಳೆದ ಜಾಗದಲ್ಲೇ ಹೆಚ್ಚು, ಎಳೆತ ಬಿಟ್ಟ ಒಂದು ಗಂಟೆಯೊಳಗೆ ಹೋಗುತ್ತದೆ. ಲಂಡನ್ನಿನ ನರರೋಗತಜ್ಞ ಜೆ. ಎನ್. ಬ್ಲಾವ್ 2004ರಲ್ಲಿ, ಕೂದಲನ್ನು ಹಿಂದಕ್ಕೆಳೆದು ಕಟ್ಟುವ ಅಭ್ಯಾಸವಿದ್ದ 93 ಹೆಂಗಸರನ್ನು ಕೇಳಿದಾಗ 50 ಮಂದಿ ಹೌದು, ನೋವು ಬರುತ್ತದೆ ಎಂದಿದ್ದರು. ಅರ್ಧಕ್ಕಿಂತ ಹೆಚ್ಚು. ಆ ಹೆಂಗಸರು ತಮ್ಮ ಕೂದಲನ್ನು ತಾವೇ ಕಟ್ಟಿಕೊಂಡವರು, ನೋವಾದರೆ ಬಿಚ್ಚಿಕೊಳ್ಳಲು ಯಾರ ಅಪ್ಪಣೆಯೂ ಬೇಡದವರು. ನಮ್ಮ ಹುಡುಗಿಯರ ಜಡೆ ಬೇರೆಯವರು ಹಾಕಿದ್ದು, ಬಿಚ್ಚುವ ಅಧಿಕಾರವೂ ಬೇರೆಯವರದು. ಇಲ್ಲಿ ಅಂಥ ಪ್ರಶ್ನೆಯನ್ನು ಯಾವ ಶಾಲೆಯ ಅಂಗಳದಲ್ಲಿ ಯಾರು ಕೇಳಿದ್ದಾರೆ?

ಕೂದಲಿಗೆ ನೋವಿಲ್ಲ, ಅದು ಸತ್ತ ಎಳೆ, ಕತ್ತರಿಸಿದರೆ ಗೊತ್ತಾಗುವುದಿಲ್ಲ. ಆದರೆ ಆ ಎಳೆಯ ಬುಡ ನೆಟ್ಟಿರುವುದು ಜೀವಂತ ಚರ್ಮದಲ್ಲಿ, ಪ್ರತಿ ಬುಡದ ಸುತ್ತಲೂ ನರದ ತುದಿಗಳು ಹೆಣೆದುಕೊಂಡಿವೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಹಣೆಯ ಸ್ನಾಯುವಿಗೂ ಹಿಂದಲೆಯ ಸ್ನಾಯುವಿಗೂ ನಡುವೆ ತಲೆಬುರುಡೆಯ ಮೇಲೆ ಟೊಪ್ಪಿಗೆಯಂತೆ ಒಂದು ಗಟ್ಟಿ ಪೊರೆ ಇದೆ. ಹಿಂದೆ ಜಗ್ಗಿದರೆ ಮುಂದೆ ಹುಬ್ಬು ಏರುವುದು ಅದಕ್ಕೇ. ಕತ್ತಿನ ಬುಡದಿಂದ ನೆತ್ತಿಗೆ ಹತ್ತುವ ನರಗಳೂ ಹಣೆ, ಕಣ್ಣಿನ ಭಾಗದ ನರಗಳೂ ಒಳಗೆ ಮಿದುಳಿನ ಬುಡದಲ್ಲಿ ಒಂದೇ ಕಡೆ ಹೋಗಿ ಸೇರುತ್ತವೆ. ಆದ್ದರಿಂದ ಗಂಟು ಹಿಂದಲೆಯಲ್ಲಿದ್ದರೂ ಮಗು “ಕಣ್ಣಿನ ಹಿಂದೆ ನೋಯ್ತಿದೆ” ಎನ್ನುತ್ತದೆ, ನಾವು ಕನ್ನಡಕದ ಅಂಗಡಿಗೆ ಓಡುತ್ತೇವೆ.

ಮೈಗ್ರೇನ್ ಇರುವವರ ಪಾಡು ಇನ್ನೂ ಕಷ್ಟ. ನೋವು ಏರಿದಾಗ ನೆತ್ತಿಯ ಚರ್ಮವೇ ಹುಣ್ಣಿನಂತಾಗಿ ಬಾಚಣಿಗೆ ತಾಗಿದರೂ ಸಹಿಸುವುದಿಲ್ಲ. ಮೈಗ್ರೇನ್ ನಮ್ಮಲ್ಲಿ ಅಪರೂಪವೇ? ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ಕೇಳಿದಾಗ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಂಡವರು ನೂರಕ್ಕೆ 25. ಗಂಡಸರಿಗಿಂತ ಹೆಂಗಸರೇ ಹೆಚ್ಚು. ಇದು ಎಲ್ಲೋ ದೂರದೇಶದ ಲೆಕ್ಕವಲ್ಲ, ನಮ್ಮ ಅಕ್ಕಪಕ್ಕದ ಜನರದೇ ತಲೆಗಳ ಲೆಕ್ಕ. ಇಷ್ಟೆಲ್ಲ ತಲೆಗಳು ನೋಯುತ್ತಿರುವ ನಾಡಿನಲ್ಲಿ ತಲೆಯನ್ನು ಬಿಗಿಯುವುದಕ್ಕೆ ನಿಯಮ ಮಾಡುತ್ತೇವೆ, ಸಡಿಲಿಸುವುದಕ್ಕೆ ದಂಡ ಹಾಕುತ್ತೇವೆ.

ಯಾವ ನಿಯಮ ಎಂದು ಕೇಳಬೇಡಿ, ಶಾಲೆಯ ಡೈರಿಯ ಮೊದಲ ಪುಟಗಳನ್ನು ತಿರುವಿ. ಎರಡು ಜಡೆ, ಮಡಚಿ ಕಟ್ಟಿರಬೇಕು, ಟೇಪು ಇಂಥದೇ ಬಣ್ಣ, ಒಂದು ಕೂದಲೂ ಮುಖದ ಮೇಲೆ ಬರಬಾರದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಿಟಿ ಟೀಚರ್ ಸಾಲಿನ ನಡುವೆ ನಡೆದು ಜಡೆ ಮುಟ್ಟಿ ನೋಡುತ್ತಾರೆ. ಸಡಿಲವಾಗಿದ್ದರೆ ಆ ಹುಡುಗಿ ಸಾಲಿನಿಂದಾಚೆ. ನಾನು ನನ್ನ ಮಗಳ ಶಾಲೆಗೆ ಹೋಗಿ, ಒಂದೇ ಜಡೆ, ಕೆಳಗೆ, ಸಡಿಲವಾಗಿ ಹಾಕಿ ಕಳಿಸುತ್ತೇನೆ, ಒಪ್ಪಿಗೆ ಕೊಡಿ ಎಂದು ಕೇಳಿದೆ. ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಕೂರಿಸಿ ಕಾಫಿ ಕೊಟ್ಟೇ ಹೇಳಿದರು: “ನಿಮ್ಮ ಮಗಳೊಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರಲ್ಲ ಮೇಡಂ?”

ಎಲ್ಲರೂ ಯಾಕೆ ಕೇಳುತ್ತಾರೆ ಎಂದು ಆಕೆ ಒಂದು ಕ್ಷಣವಾದರೂ ಯೋಚಿಸಿದ್ದರೆ! ಕೇಳುತ್ತಾರೆ, ಯಾಕೆಂದರೆ ಎಲ್ಲರಿಗೂ ನೋಯುತ್ತಿದೆ. ನಿಯಮ ಎಷ್ಟು ನೋಯಿಸುತ್ತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ನಮ್ಮ ಶಾಲೆಗಳ ತರ್ಕದಲ್ಲಿ ಅದೇ ಸಾಕ್ಷಿ ನಿಯಮವನ್ನು ಉಳಿಸಿಕೊಳ್ಳಲು ಕಾರಣವಾಗುತ್ತದೆ. ಇನ್ನು ಆ ಬಿಗಿಗೂ ಕಲಿಕೆಗೂ ಏನು ಸಂಬಂಧ? ಹನ್ನೊಂದು ಗಂಟೆಯ ಗಣಿತದ ಪೀರಿಯಡ್‌ನಲ್ಲಿ ಕಣ್ಣ ಹಿಂದೆ ಸುತ್ತಿಗೆ ಬಡಿಯುತ್ತಿರುವ ಹುಡುಗಿ ಲಸಾಅ ಕಲಿಯುತ್ತಾಳೋ, ನಾಲ್ಕು ಗಂಟೆ ಯಾವಾಗ ಆಗುತ್ತದೆ ಎಂದು ಲೆಕ್ಕ ಹಾಕುತ್ತಾಳೋ? ಅದೇ ಬೆಂಚಿನಾಚೆ ಕೂತ ಹುಡುಗನ ತಲೆಗೆ ತಿಂಗಳಿಗೊಂದು ಕಟಿಂಗ್ ಬಿಟ್ಟರೆ ಬೇರೆ ಶಿಸ್ತೇ ಇಲ್ಲ. ಅವನ ಶಿಸ್ತು ತಲೆಯನ್ನು ಹಗುರ ಮಾಡುತ್ತದೆ, ಇವಳ ಶಿಸ್ತು ತಲೆಯನ್ನು ಜಗ್ಗುತ್ತದೆ. ಯಾರನ್ನಾದರೂ ಹತೋಟಿಯಲ್ಲಿ ಇಟ್ಟುಕೊಂಡಿದ್ದೇವೆ ಎನ್ನಲು ಕನ್ನಡದಲ್ಲಿ ‘ಅವನ ಜುಟ್ಟು ನನ್ನ ಕೈಯಲ್ಲಿದೆ’ ಎನ್ನುತ್ತೇವೆ. ಈ ಮಾತು ಕಟ್ಟಿದವರು ಉಪಮೆಗಾಗಿ ಹೇಳಿರಬಹುದು. ನಮ್ಮ ಶಾಲೆಗಳು ಅಕ್ಷರಶಃ ಪಾಲಿಸುತ್ತಿವೆ.

ಶಿಸ್ತಿನ ವಾದ ಸೋತ ಕೂಡಲೇ ಹೇನಿನ ವಾದ ಬರುತ್ತದೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಕೂದಲು ಹಿಡಿದು ದಾಟುತ್ತದೆ. ಕೂದಲನ್ನು ಹೆಣೆದಿಡುವುದರಿಂದ ಅಷ್ಟಿಷ್ಟು ಪ್ರಯೋಜನವಿದೆ, ಒಪ್ಪಿದೆ. ಸಡಿಲವಾಗಿ ಹೆಣೆದ ಜಡೆಯೂ ಹೆಣೆದ ಜಡೆಯೇ ತಾನೆ? ಬುಡ ಬಿಗಿದರೆ ಹೇನಿಗೆ ಉಸಿರುಗಟ್ಟುತ್ತದೆಯೆ? ಕಾರ್ಖಾನೆಗಳದ್ದೂ ಇದೇ ಕಥೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಬೆಲ್ಟಿಗೆ ಕೂದಲು ಸಿಕ್ಕರೆ ಅನಾಹುತ, ಅದು ನಿಜ. ಆದರೆ ಬೆಲ್ಟಿಗೆ ಸಿಕ್ಕುವುದು ಜಡೆಯ ತುದಿ. ತುದಿಯನ್ನು ಮಡಚಿ ಟೋಪಿಯೊಳಗೆ ಸೇರಿಸಿದರೆ ಮುಗಿಯಿತು. ಬುಡವನ್ನು ಹಗ್ಗದಂತೆ ಬಿಗಿಯಬೇಕಾಗಿಲ್ಲ. ತುದಿಯ ಅಪಾಯ ತೋರಿಸಿ ಬುಡಕ್ಕೆ ಶಿಕ್ಷೆ ಕೊಡುವ ಜಾಣತನ ನಮ್ಮದು.

ಆಸ್ಪತ್ರೆಯ ಸಿಸ್ಟರುಗಳನ್ನು ನೋಡಿ. ತುರುಬು, ಅದರ ಮೇಲೆ ಬಲೆ, ಸುತ್ತ ಹತ್ತು ಪಿನ್ನು, ಎಂಟು ಗಂಟೆಯ ಪಾಳಿ, ಪಾಳಿ ಜೋಡಿಯಾದರೆ ಹದಿನಾರು. ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ತಲೆನೋವಿನ ಮಾತ್ರೆ ಹಂಚುವಾಕೆ ಔಷಧಿ ಕೋಣೆಯ ಬಾಗಿಲು ಮರೆಮಾಡಿಕೊಂಡು ಎರಡು ಪಿನ್ನು ಕಿತ್ತು ನೆತ್ತಿ ಉಜ್ಜಿಕೊಂಡು ಮತ್ತೆ ಸಿಕ್ಕಿಸಿಕೊಳ್ಳುವುದನ್ನು ಆಸ್ಪತ್ರೆಯೊಂದರಲ್ಲಿ ಅತ್ತೆಯ ಜೊತೆ ಇದ್ದ ರಾತ್ರಿ ಕಣ್ಣಾರೆ ಕಂಡಿದ್ದೇನೆ. ನಾನು ನೋಡಿದೆನೆಂದು ಗೊತ್ತಾದಾಗ ಆಕೆ ಕದ್ದು ಸಿಕ್ಕಿಬಿದ್ದವಳಂತೆ ನಕ್ಕರು. ತನ್ನದೇ ತಲೆ ತುರಿಸಿಕೊಳ್ಳಲು ಕಳ್ಳತನ!

ಸೈನ್ಯಕ್ಕಿಂತ ಶಿಸ್ತು ಬೇಕೆ? ಅಮೆರಿಕದ ವಾಯುಪಡೆಯಲ್ಲೂ ಹೆಂಗಸರು ಉದ್ದ ಕೂದಲನ್ನು ಮೇಲೆತ್ತಿ ಕಟ್ಟಲೇಬೇಕಿತ್ತು. ಅದರಿಂದ ಕೂದಲು ಹಾಳಾಗುತ್ತಿದೆ, ಮೈಗ್ರೇನ್ ಬರುತ್ತಿದೆ, ಕೆಲವರಿಗೆ ಕೂದಲೇ ಉದುರುತ್ತಿದೆ ಎಂದು ವಾಯುಪಡೆ ತಾನೇ ಬಾಯಿಬಿಟ್ಟು ಹೇಳಿ, 2021ರ ಫೆಬ್ರುವರಿಯಿಂದ ಜಡೆಯನ್ನೂ ಪೋನಿಟೇಲನ್ನೂ ಬೆನ್ನಿಗೆ ಇಳಿಬಿಡಲು ಒಪ್ಪಿತು. ಅದರಿಂದ ಆ ದೇಶದ ವಿಮಾನಗಳೇನೂ ಕೆಳಗೆ ಬೀಳಲಿಲ್ಲ. ಯುದ್ಧವಿಮಾನ ಹಾರಿಸುವವರಿಗೆ ಸಾಲುವ ಶಿಸ್ತು ನಮ್ಮ ಆರನೇ ಕ್ಲಾಸಿನ ‘ಬಿ’ ಸೆಕ್ಷನ್ನಿಗೆ ಸಾಲುವುದಿಲ್ಲವಂತೆ.

ಶಾಲೆಯನ್ನಷ್ಟೇ ಬೈದು ಮನೆಯನ್ನು ಬಿಟ್ಟರೆ ಅನ್ಯಾಯವಾದೀತು. ‘ಬಿಗಿಯಾಗಿ ಹೆಣೆದರೆ ಕೂದಲು ಉದ್ದ ಬೆಳೆಯುತ್ತದೆ’ ಎಂದು ನಮ್ಮ ಮನೆಗಳಲ್ಲಿ ಹೇಳದವರಿಲ್ಲ. ನನ್ನ ತಾಯಿ ನನಗೆ ಹೇಳಿದರು, ನಾನು ಮಗಳಿಗೆ ಹೇಳಿದೆ. ಶುದ್ಧ ಸುಳ್ಳು. ಕೂದಲು ಬೆಳೆಯುವುದು ಬುಡದಲ್ಲಿ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಪೈರನ್ನು ಹಿಡಿದು ಜಗ್ಗಿದರೆ ಬೇಗ ಬೆಳೆಯುತ್ತದೆಯೆ? ಜಗ್ಗಿದರೆ ಆಗುವುದು ತದ್ವಿರುದ್ಧ. ಗ್ರೀನ್‌ಲೆಂಡಿನ ಹೆಂಗಸರು ಕೂದಲನ್ನು ನೆತ್ತಿಗೆ ಎಳೆದು ಬಿಗಿಯಾಗಿ ಕಟ್ಟುತ್ತಿದ್ದರು. ಅವರ ಹಣೆಯಂಚಿನ ಕೂದಲು ಉದುರಿ ಬೋಳಾಗುವುದನ್ನು 1907ರಷ್ಟು ಹಿಂದೆಯೇ ವೈದ್ಯಕೀಯದಲ್ಲಿ ದಾಖಲಿಸಿದ್ದಾರೆ. ಎಳೆತದಿಂದಾಗುವ ಈ ಬೋಳು ಮೊದಮೊದಲು, ಎಳೆತ ಬಿಟ್ಟರೆ, ವಾಸಿಯಾಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತು ಶಾಶ್ವತವಾಗುತ್ತದೆ. ನಡುವಯಸ್ಸಿನ ನನ್ನ ಗೆಳತಿಯರ ಬೈತಲೆ ಯಾಕೆ ವರ್ಷವರ್ಷಕ್ಕೆ ಅಗಲವಾಗುತ್ತಿದೆ, ಕಿವಿಯ ಮುಂದಿನ ಕೂದಲು ಯಾಕೆ ಹಿಂದೆ ಸರಿದಿದೆ ಎಂದು ನೀರನ್ನೂ ಶಾಂಪೂವನ್ನೂ ಬೈಯುವ ಮೊದಲು ಹಳೆಯ ಸ್ಕೂಲ್ ಫೋಟೋ ತೆಗೆದು ನೋಡಬಹುದು.

ನೋವಿಗೆ ಮುನ್ನುಡಿ ಬರೆಯುವ ಹಬ್ಬವೂ ಒಂದಿದೆ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಅಗ್ಗವಾದಾಗ ಮೊಗ್ಗಿನ ಜಡೆ. ಐದಾರು ವರ್ಷದ ಕೂಸಿನ ಮೋಟು ಕೂದಲಿಗೆ ಚೌರಿ ಸೇರಿಸಿ ಹೆಣೆದು, ಅದರ ಮೇಲೆ ಬಾಳೆಪಟ್ಟೆಗೆ ಪೋಣಿಸಿದ ಮೊಗ್ಗಿನ ಸಾಲುಗಳನ್ನು ದಾರದಿಂದ ಹೊಲಿದು, ತುದಿಗೆ ಕುಚ್ಚು, ಮೇಲೆ ಜಡೆಬಿಲ್ಲೆ. ಎರಡು ಗಂಟೆ ಅಲ್ಲಾಡದೆ ಕೂರಬೇಕು. ಆಮೇಲೆ ಸ್ಟುಡಿಯೊ. ಬೆನ್ನ ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವ ಹಾಗೆ. ನನ್ನದೊಂದು ಅಂಥ ಫೋಟೋ ಅಮ್ಮನ ಮನೆಯ ಗೋಡೆಯಲ್ಲಿ ಈಗಲೂ ಇದೆ. ಬಂದವರೆಲ್ಲ ಕನ್ನಡಿಯಲ್ಲಿ ಕಾಣುವ ಜಡೆಯನ್ನು ಹೊಗಳುತ್ತಾರೆ. ಕನ್ನಡಿಯ ಮುಂದಿರುವ ಮುಖದ ಕೆನ್ನೆ ಮೇಲೆ ಪೌಡರು ಕರಗಿದ ಗೆರೆ ಇದೆ, ಅದನ್ನು ಇವತ್ತಿಗೂ ಯಾರೂ ನೋಡಿಲ್ಲ. ಮದುಮಗಳ ಕಥೆ ಎತ್ತುವುದೇ ಬೇಡ. ಆರತಕ್ಷತೆಯ ನಗುವಿನ ಹಿಂದೆ ಎಷ್ಟು ಪಿನ್ನುಗಳಿದ್ದವೆಂದು ರಾತ್ರಿ ಅವನ್ನು ಒಂದೊಂದಾಗಿ ಕಿತ್ತ ತಂಗಿಯನ್ನು ಕೇಳಿ.

ಹಾಗಾದರೆ ಕತ್ತರಿಸಿ ಹಾಕಲಿ, ಯಾರು ಬೇಡ ಅಂದರು ಎನ್ನುವವರು ಇದ್ದಾರೆ. ಯಾರು ಬೇಡ ಅಂದರು? ನೀವೇ. ಉದ್ದ ಕೂದಲು ಲಕ್ಷಣ, ಲಕ್ಷ್ಮಿ, ಹೆಣ್ಣು ನೋಡಲು ಬಂದವರಿಗೆ ಮೊದಲ ಕಾಣಿಕೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಜಡೆ ನಿಜವೋ ಚೌರಿಯೋ ಎಂದು ಮುಟ್ಟಿ ನೋಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಉದ್ದ ಬೆಳೆಸಲೇಬೇಕು, ಬೆಳೆಸಿದ್ದನ್ನು ಬಿಡಬಾರದು: ಮುಸ್ಸಂಜೆ ತಲೆ ಬಿಚ್ಚಬೇಡ, ದೇವರ ಮುಂದೆ ಬಿಚ್ಚಬೇಡ, ಬಿಚ್ಚಿಕೊಂಡವಳು ಬಜಾರಿ. ದವನದ ಹುಣ್ಣಿಮೆಯಂದು ಅದೇ ಜನ ಅಕ್ಕಮಹಾದೇವಿಯ ಪಟಕ್ಕೆ ಹಾರ ಹಾಕಿ ಕೈ ಮುಗಿಯುತ್ತಾರೆ. ಪಟದಲ್ಲಿ ಅಕ್ಕನ ಕೂದಲು ಮಂಡಿಯವರೆಗೆ ಬಿಚ್ಚಿಹರಿದಿರುತ್ತದೆ. ಅಕ್ಕ ಈಗೇನಾದರೂ ನಮ್ಮ ಶಾಲೆಯ ಗೇಟಿಗೆ ಬಂದರೆ ಪಿಟಿ ಟೀಚರ್ ಒಳಗೆ ಬಿಟ್ಟಾರೆಯೆ?

ಎಲ್ಲಕ್ಕಿಂತ ಹಳಸಲು ವಾದವೊಂದು ಉಳಿದಿದೆ: “ನಾವೂ ಹಾಗೇ ಕಟ್ಟಿಕೊಂಡು ಬೆಳೆದೆವು, ನಮಗೇನಾಯಿತು?” ಏನಾಯಿತು ಎಂದು ನಿಮ್ಮ ದಿಂಬಿನ ಪಕ್ಕದ ಹಳದಿ ಬಾಮಿನ ಶೀಶೆಯನ್ನು ಕೇಳಿ. ಅಮೃತಾಂಜನ ಹುಟ್ಟಿದ್ದು 1893ರಲ್ಲಿ; ಅಂದಿನಿಂದ ನಮ್ಮ ಅಜ್ಜಿ, ತಾಯಂದಿರು ಹಣೆಗೆ ಅದನ್ನು ಬಳಿದುಕೊಂಡು, ತುರುಬನ್ನು ಮಾತ್ರ ಬಿಗಿಯಾಗಿಯೇ ಇಟ್ಟುಕೊಂಡು ಅಡುಗೆ ಮಾಡಿದ್ದಾರೆ. ತಲೆನೋವು ಹೆಂಗಸರಿಗೆ ಮಾಮೂಲು ಎಂದು ಒಪ್ಪಿಕೊಂಡದ್ದೇ ನಮಗಾದದ್ದು. ಯಾರಾದರೂ ಗಂಡಸಿನ ಶರ್ಟಿನ ಕಾಲರ್ ಕುತ್ತಿಗೆ ಹಿಸುಕಿದರೆ ಅವನು ಗುಂಡಿ ಬಿಚ್ಚುತ್ತಾನೆ, ಅಷ್ಟೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿಲ್ಲ, ದೃಷ್ಟಿ ತೆಗೆಸುವುದಿಲ್ಲ, ಕಾಲರ್ ಬಿಗಿಯಾಗಿದ್ದರೇ ವಂಶದ ಮರ್ಯಾದೆ ಎಂದು ಪ್ರವಚನವನ್ನೂ ಕೇಳುವುದಿಲ್ಲ.

ಇಷ್ಟೊಂದು ಸುಲಭದ ಮದ್ದಿರುವ ಕಾಯಿಲೆ ಇನ್ನೊಂದನ್ನು ನಾನು ಕಾಣೆ. ಕಾಸು ಬೇಡ, ಚೀಟಿ ಬೇಡ, ಸ್ಕ್ಯಾನಿಂಗ್ ಬೇಡ. ಬಿಚ್ಚಿ, ಒಂದು ಗಂಟೆ ಕಾಯಿರಿ. ಹೋದರೆ ಕಾರಣ ಸಿಕ್ಕಿತು. ಹೋಗದಿದ್ದರೆ, ಇಲ್ಲವೇ ವಾಂತಿಯೋ ಜ್ವರವೋ ಕಣ್ಣು ಮಂಜೋ ಜೊತೆಗಿದ್ದರೆ, ಆಗ ಡಾಕ್ಟರ ಹತ್ತಿರ ಓಡಿ. ಡಾಕ್ಟರೇ, ನಿಮಗೂ ಹೇಳುತ್ತಿದ್ದೇನೆ: ಹೆಣ್ಣುಮಗು ತಲೆನೋವೆಂದು ಬಂದಾಗ ಟಾರ್ಚು ಕಣ್ಣಿಗೆ ಬಿಡುವ ಮೊದಲು ಅದರ ಜಡೆಯನ್ನೊಮ್ಮೆ ಮುಟ್ಟಿ ನೋಡಿ. ‘ರಜೆಯಲ್ಲಿ ಬರುತ್ತದೆಯೆ?’ ಎಂದು ಕೇಳಿ. ನನ್ನ ಮಗಳನ್ನು ನೋಡಿದ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಮೂವರಲ್ಲಿ ಇಬ್ಬರು ಹೆಂಗಸರು, ಇಬ್ಬರದೂ ಗಟ್ಟಿ ತುರುಬು.

ತಾಯಂದಿರೇ, ಬೆಳಿಗ್ಗೆ ಜಡೆ ಹಾಕಿದ ಮೇಲೆ ನಿಮ್ಮ ತೋರುಬೆರಳನ್ನು ಬುಡಕ್ಕೆ ತೂರಿಸಿ ನೋಡಿ. ತೂರದಿದ್ದರೆ ಬಿಚ್ಚಿ ಮತ್ತೆ ಹಾಕಿ; ವ್ಯಾನು ತಪ್ಪಿದರೆ ತಪ್ಪಲಿ. ಒದ್ದೆ ಕೂದಲನ್ನು ಎಳೆದು ಕಟ್ಟಬೇಡಿ. ದಿನಾ ಒಂದೇ ಜಾಗಕ್ಕೆ ಗಂಟು ಬೀಳದಿರಲಿ. ಕತ್ತರಿಸಿಕೊಳ್ಳುತ್ತೇನೆ ಎಂದು ಅವಳು ಹೇಳಿದರೆ ಅಳಬೇಡಿ, ಕತ್ತರಿ ಕೊಡಿ.

ಶಾಲೆಯವರಿಂದ ನಾವು ಬೇಡಬೇಕಾದ್ದೇನೂ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಸ್ಮಾರ್ಟ್ ಕ್ಲಾಸ್ ಬೇಡ. ಡೈರಿಯ ಆ ಸಾಲಿನಿಂದ ‘ಮಡಚಿ’ ತೆಗೆಯಲಿ, ‘ಎರಡು’ ತೆಗೆಯಲಿ. ‘ಕೂದಲು ಅಚ್ಚುಕಟ್ಟಾಗಿರಲಿ’ ಎಂದಷ್ಟೇ ಇರಲಿ. ನೋವೆಂದ ಮಗುವಿಗೆ ಕ್ಲಾಸಿನಲ್ಲೇ ಟೇಪು ಸಡಿಲಿಸಿಕೊಳ್ಳುವ ಹಕ್ಕಿದೆ ಎಂದು ಅದರ ಕೆಳಗೆ ಒಂದು ಸಾಲು ಸೇರಿಸಲಿ. ಜೂನಿನ ಮೊದಲ ಪೋಷಕರ ಸಭೆಗೆ ಹೋಗುತ್ತೀರಲ್ಲ, ಫೀಸು, ಬಸ್ಸು, ಬುಕ್ಕಿನ ಮಾತೆಲ್ಲ ಮುಗಿದು “ಬೇರೇನಾದರೂ?” ಎಂದು ಕೇಳಿದಾಗ ಎದ್ದು ನಿಂತು ಇದನ್ನು ಕೇಳಿ. ನಗುತ್ತಾರೆ, ನಗಲಿ. ಪಕ್ಕದ ಕುರ್ಚಿಯ ತಾಯಿಯೂ ಏಳುತ್ತಾಳೆ, ಅವಳ ಮಗಳಿಗೂ ಹನ್ನೊಂದಕ್ಕೆ ನೋಯುತ್ತದೆ. ಎರಡು ಜಡೆ ಸೇರಬಾರದು ಎಂಬ ಗಾದೆ ಕಟ್ಟಿದವರು ಇಂಥ ಸಭೆಗೇ ಹೆದರಿ ಕಟ್ಟಿದ್ದಿರಬೇಕು. ಡೈರಿಯನ್ನು ಮೇಜಿನ ಮೇಲಿಟ್ಟು, ಪೆನ್ನು ಅವರ ಕೈಗೆ ಕೊಟ್ಟು, ಆ ಎರಡು ಪದಕ್ಕೆ ಗೀಟು ಬೀಳುವವರೆಗೆ ಕೂರಬೇಡಿ.